ಬಾಲ್ಯವನ್ನೇ ಹೇಳದ ಲೂಸಿ ಸ್ನೋ: 'ವಿಲೆಟ್' ಓದಿದವರು ಬನ್ನಿ, ಸ್ವಲ್ಪ ಮಾತಾಡೋಣ

ನೀಲಿಶಾಯಿ:

ಎರಡನೇ ಸಲ 'ವಿಲೆಟ್' ಓದಿ ಮುಗಿಸಿದೆ. ಶಾರ್ಲೆಟ್ ಬ್ರಾಂಟಿ ಬದುಕಿದ್ದಾಗ ಅಚ್ಚಾದ ಕೊನೆಯ ಕಾದಂಬರಿ, 1853ರದ್ದು. 'ಜೇನ್ ಐರ್' ಓದಿದವರು ಬೇಕಾದಷ್ಟು ಜನ ಸಿಗುತ್ತಾರೆ. ಇದನ್ನು ಓದಿದವರು ಸಿಗೋದು ಕಷ್ಟ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಮಾತು ಕೊನೆಯ ಪುಟದವರೆಗೂ ಹೋಗುತ್ತೆ. ಓದದವರು ಈಗಲೇ ಜಾಗ ಖಾಲಿ ಮಾಡಿ, ಆಮೇಲೆ ನನ್ನನ್ನು ಬೈಯಬೇಡಿ.

ನನ್ನನ್ನು ಕಾಡುತ್ತಿರುವುದು ಒಂದೇ ವಿಷಯ. ಯಾರ ಪ್ರೀತಿಯೂ ಸಿಗದ ಹುಡುಗಿಯ ಕಥೆ ಅಂದಮೇಲೆ ಅವಳ ಬಾಲ್ಯ ನಮ್ಮ ಕಣ್ಣಿಗೆ ಕಾಣಬೇಕು, ಅಲ್ವಾ? ಜೇನ್ ಐರ್‌ದು ಕಾಣುತ್ತೆ. ಕಿಟಕಿಯ ಪರದೆ ಹಿಂದೆ ಕೂತು ಓದುವ ಹುಡುಗಿ, ಪುಸ್ತಕ ಬೀಸಿ ಹೊಡೆಯುವ ಸೋದರಮಾವನ ಮಗ, ಕೆಂಪು ಕೋಣೆಯಲ್ಲಿ ಕೂಡಿಹಾಕುವ ಅತ್ತೆ. ಅವಳಿಗಿನ್ನೂ ಹತ್ತು ವರ್ಷ. ಅಲ್ಲಿಂದ ಮುಂದೆ ಅವಳು ಏನೇ ಮಾಡಲಿ, ನಾವು ಅವಳ ಪಕ್ಷ.

'ವಿಲೆಟ್'ನ ನಾಯಕಿ, ಮುಂದೆ ಪರದೇಶದ ವಿಲೆಟ್ ಊರಿನ ಹುಡುಗಿಯರ ಶಾಲೆಯಲ್ಲಿ ಕಲಿಸುವ ಲೂಸಿ ಸ್ನೋ ವಿಷಯದಲ್ಲಿ ಇದು ಯಾವುದೂ ಇಲ್ಲ. ಕಥೆ ಶುರುವಾಗೋದು ಅವಳ ಗಾಡ್‌ಮದರ್ ಮಿಸೆಸ್ ಬ್ರೆಟನ್ ಮನೆಯಲ್ಲಿ. ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗುತ್ತಿದ್ದೆ ಅಂತಾಳೆ. ಎಲ್ಲಿಂದ ಹೋಗುತ್ತಿದ್ದಳು? ಅಪ್ಪ ಅಮ್ಮ ಇದ್ದರಾ? ಒಂದು ಅಕ್ಷರ ಇಲ್ಲ. ನಾಲ್ಕನೇ ಅಧ್ಯಾಯದಲ್ಲಿ ತನ್ನವರ ಮನೆಗೆ ವಾಪಸ್ ಹೋಗುತ್ತಾಳೆ. ಆಗ ನಮ್ಮ ಕಡೆ ತಿರುಗಿ ಹೇಳುವ ಮಾತು ನೋಡಿ. ನಾನು ಖುಷಿಯಾಗಿ ಹೋದೆ ಅಂತ ನೀವು ಅಂದುಕೊಳ್ಳುತ್ತೀರಿ, ಅಂದುಕೊಳ್ಳಿ, ಅದರಿಂದ ಯಾರಿಗೂ ನಷ್ಟವಿಲ್ಲ. ಮುಂದಿನ ಎಂಟು ವರ್ಷ ನಾನು ಬಂದರಿನಲ್ಲಿ ಬಿಸಿಲು ಕಾಯಿಸುತ್ತಾ ಮಲಗಿದ ದೋಣಿ ಅಂತ ಬೇಕಾದರೆ ಕಲ್ಪಿಸಿಕೊಳ್ಳಿ. ಅಷ್ಟು ಹೇಳಿ ಮರುಗಳಿಗೆಗೇ, ಹಾಗಿದ್ದರೆ ನಾನು ಎಲ್ಲೋ ನೀರಿಗೆ ಬಿದ್ದಿರಬೇಕು, ಹಡಗು ಒಡೆದಿರಬೇಕು ಅಂತಾಳೆ. ಕೊನೆಗೆ ಹಡಗೂ ಹೋಯಿತು, ಅದರಲ್ಲಿದ್ದವರೂ ಹೋದರು. ಮುಗೀತು. ಎಂಟು ವರ್ಷ, ಒಂದು ಇಡೀ ಮನೆತನದ ಸಾವು, ಎಲ್ಲಾ ಸೇರಿ ಒಂದು ಪುಟವೂ ಇಲ್ಲ.

ಮೊದಲ ಸಲ ಓದಿದಾಗ ಇದು ನನ್ನ ಗಮನಕ್ಕೇ ಬರಲಿಲ್ಲ. ಈ ಸಲ ಅಲ್ಲೇ ಸಿಕ್ಕಿಹಾಕಿಕೊಂಡೆ. ಯಾಕೆ ಹೇಳಲ್ಲ ಇವಳು? ನಿಮಗೇನು ಅನಿಸಿತು?

ಮೂರನೇಬೆಂಚು:

ನನಗೆ ಅನಿಸಿದ್ದು, ಇವಳ ಸಹವಾಸವೇ ಬೇಡ ಅಂತ. ಅರ್ಧಕ್ಕೆ ಬಿಟ್ಟೆ. ಬೇಸಿಗೆ ರಜೆಯಲ್ಲಿ ಖಾಲಿ ಶಾಲೆಯಲ್ಲಿ ಒಬ್ಬಳೇ ಉಳಿದು ತಲೆ ಕೆಟ್ಟು ಚರ್ಚಿಗೆ ಹೋಗ್ತಾಳಲ್ಲ, ಅಲ್ಲಿಗೆ ಮುಚ್ಚಿಟ್ಟೆ. ನಾಯಕಿ ಅಂದಮೇಲೆ ಸ್ವಲ್ಪವಾದರೂ ಹತ್ತಿರ ಬಿಟ್ಟುಕೊಳ್ಳಬೇಕಪ್ಪ. ಇವಳು ಬಾಗಿಲು ಅರ್ಧ ತೆಗೆದು 'ಏನು ಬೇಕಿತ್ತು?' ಅಂತ ಕೇಳೋ ಜಾತಿ. ಜೇನ್ ಐರ್ ಎಲ್ಲಿ, ಇವಳೆಲ್ಲಿ.

ಹಳೇಪುಟ:

ಮೂರನೇಬೆಂಚು ಅವರೇ, ನಿಮಗೆ ಹಾಗನ್ನಿಸಿದರೆ ಲೇಖಕಿ ಗೆದ್ದಳು ಅಂತ ಅರ್ಥ. ಬೇಕಂತಲೇ ಇಟ್ಟ ತಣ್ಣಗಿನ ಹೆಸರು ಅದು. ಮೊದಲು ಸ್ನೋ ಅಂತಿತ್ತು, ಆಮೇಲೆ ಫ್ರಾಸ್ಟ್ ಅಂತ ಬದಲಾಯಿಸಿದಳು, ಕೊನೆಗೆ ಮತ್ತೆ ಸ್ನೋ. ಪ್ರಕಾಶಕರ ಕಡೆಯವರಿಗೆ 1852ರಲ್ಲಿ ಬರೆದ ಕಾಗದದಲ್ಲಿ ಇದರ ಪ್ರಸ್ತಾಪ ಇದೆ. ಇವಳಿಗೆ ತಣ್ಣಗಿನ ಹೆಸರೇ ಬೇಕು ಅನ್ನೋದು ಅವಳ ಹಟ. ಹಿಮ ಹೋದರೆ ಇಬ್ಬನಿಗಡ್ಡೆ, ಅಷ್ಟೇ ಆಯ್ಕೆ.

ನೀಲಿಶಾಯಿ ಅವರ ಪ್ರಶ್ನೆಗೆ ನನ್ನ ಉತ್ತರ: ಬಾಲ್ಯ ಹೇಳಿದ್ದಾಳೆ, ಆದರೆ ಬೇರೆ ಮಗುವಿನ ಹೆಸರಲ್ಲಿ ಹೇಳಿದ್ದಾಳೆ. ಪಾಲಿ ನೆನಪಿದೆಯಾ? ತಾಯಿ ಸತ್ತ ಆರು ವರ್ಷದ ಮಗು. ಅಪ್ಪ ಅವಳನ್ನು ಬ್ರೆಟನ್ ಮನೆಯಲ್ಲಿ ಬಿಟ್ಟು ಹೋಗುತ್ತಾನೆ. ಮೊದಲ ಮೂರು ಅಧ್ಯಾಯ ಪೂರ್ತಿ ಅವಳದೇ. ಅಪ್ಪನಿಗಾಗಿ ಕರವಸ್ತ್ರದ ಅಂಚು ಹೊಲಿಯುತ್ತಾ ಕೂತಿರುತ್ತಾಳೆ. ಸೂಜಿ ಅವಳ ಕೈಗಿಂತ ದೊಡ್ಡದು ಅನ್ನೋ ಹಾಗೆ. ಆಗಾಗ ಬೆರಳಿಗೆ ಚುಚ್ಚಿಕೊಳ್ಳುತ್ತಾಳೆ, ಬಿಳಿ ಬಟ್ಟೆ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ ಸಾಲಾಗಿ ಬೀಳುತ್ತೆ. ಆದರೂ ಸದ್ದಿಲ್ಲ. ಇದನ್ನು ನೋಡಿದ್ದು ಯಾರು? ಕೋಣೆಯಲ್ಲಿ ದೊಡ್ಡವರೂ ಇದ್ದರು. ಚುಕ್ಕೆಗಳ ಸಾಲು ಕಂಡಿದ್ದು ಲೂಸಿಗೆ ಮಾತ್ರ. ಒಂದು ಮಗು ಸದ್ದಿಲ್ಲದೆ ನೋಯುವುದನ್ನು ಅಷ್ಟು ಚೆನ್ನಾಗಿ ಗುರುತಿಸಬೇಕಾದರೆ ಆ ವಿದ್ಯೆ ಎಲ್ಲಿ ಕಲಿತಿರಬೇಕು ಹೇಳಿ.

ಅಪ್ಪ ಮಗಳು ಬೇರೆಯಾಗುವಾಗ ಮಿಸೆಸ್ ಬ್ರೆಟನ್ ಕಣ್ಣೀರು ಹಾಕುತ್ತಾರೆ. ಅವರ ಮಗ ಗ್ರಹಾಂ ಕೂಡ ಮಗುವನ್ನೇ ದಿಟ್ಟಿಸುತ್ತಾನೆ. ನಾನು ಮಾತ್ರ ಶಾಂತವಾಗಿದ್ದೆ ಅಂತ ಲೂಸಿ ಬರೆಯುತ್ತಾಳೆ, ಅದೂ ತನ್ನ ಪೂರ್ತಿ ಹೆಸರು ಸೇರಿಸಿ. ನಿಜವಾಗಿ ಶಾಂತವಾಗಿದ್ದವರು ಯಾರೂ ಹಾಗೆ ಸಹಿ ಹಾಕಿ ಹೇಳಲ್ಲ.

ಸಂಶಯಪಿಶಾಚಿ:

ಹಳೇಪುಟ, ಚೆನ್ನಾಗಿದೆ, ಆದರೆ ಸ್ವಲ್ಪ ಜಾಸ್ತಿ ಆಯ್ತು. ಇದಕ್ಕೆ ಸರಳ ವಿವರಣೆ ಒಂದಿದೆ. ಪಾಲಿಯನ್ನೇ ನಾಯಕಿ ಮಾಡೋ ಹಾಗೆ ಶುರುಮಾಡಿ, ಆಮೇಲೆ ಲೂಸಿ ಕಡೆ ವಾಲಿಬಿಟ್ಟಳು. ಪಾಲಿ ಮೂರು ಅಧ್ಯಾಯ ಮಿಂಚಿ ಮಾಯವಾಗ್ತಾಳೆ, ಅರ್ಧ ಪುಸ್ತಕ ಕಳೆದಮೇಲೆ ರಂಗಮಂದಿರಕ್ಕೆ ಬೆಂಕಿ ಬಿದ್ದಾಗ ದಿಢೀರಂತ ಎದುರಾಗ್ತಾಳೆ. ಇದು ರಚನೆಯ ದೋಷ. ದೋಷಕ್ಕೆಲ್ಲ ಮನಶ್ಶಾಸ್ತ್ರದ ಅಂಗಿ ತೊಡಿಸಬೇಡಿ.

ಹಳೇಪುಟ:

ಇರಲಿ, ದೋಷವೇ ಅಂತಿಟ್ಟುಕೊಳ್ಳೋಣ. ಆದರೆ ಒಂದು ಸಣ್ಣ ಜಾಗ ತೋರಿಸುತ್ತೇನೆ. ಪಾಲಿ ಬರುವ ದಿನ ಲೂಸಿ ವಾಕಿಂಗ್ ಮುಗಿಸಿ ತನ್ನ ಕೋಣೆಗೆ ಹೋಗುತ್ತಾಳೆ. ಅಲ್ಲಿವರೆಗೆ ಅದು ಅವಳೊಬ್ಬಳ ಕೋಣೆ. ಈಗ ಅವಳ ಮಂಚದ ಜೊತೆಗೆ ಬಿಳಿ ಬಟ್ಟೆ ಹೊದಿಸಿದ ಒಂದು ಪುಟ್ಟ ಮಂಚ. ಅವಳ ಬೀರುವಿನ ಜೊತೆಗೆ ಒಂದು ಪುಟ್ಟ ಬೀರು. ಅವಳಿಗೆ ಯಾರೂ ಮೊದಲೇ ತಿಳಿಸಿರಲಿಲ್ಲ. ಸಾಮಾನು ನೋಡಿ ಅವಳೇ ಅರ್ಥ ಮಾಡಿಕೊಳ್ಳಬೇಕು.

ದೊಡ್ಡವರೇ ತುಂಬಿರುವ ಮನೆಯಲ್ಲಿ ಒಂದೇ ಮಗುವಿದ್ದರೆ ಅದಕ್ಕೆ ಮುದ್ದು ಜಾಸ್ತಿ, ನನಗೂ ಸಿಗುತ್ತಿತ್ತು ಅಂತ ಶುರುವಿನಲ್ಲೇ ಹೇಳಿರುತ್ತಾಳೆ. ಕೆಲವೇ ಪುಟ ಕಳೆಯುವಷ್ಟರಲ್ಲಿ ಇನ್ನೊಂದು ಮಂಚ ಬಂತು. ಅಲ್ಲಿಂದಾಚೆ ಆ ಮನೆಯಲ್ಲಿ ಯಾರಾದರೂ ಲೂಸಿಯನ್ನು ಮುದ್ದು ಮಾಡಿದ್ದು ನಿಮಗೆ ನೆನಪಿದೆಯಾ? ನನಗಂತೂ ಇಲ್ಲ. ಅವಳೂ ದೂರು ಹೇಳಲ್ಲ.

ರಾತ್ರಿಪಾಳಿ:

ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ, ಮಂಚದ ಮಾತು ಬಂದಿದ್ದಕ್ಕೆ ಬರೀತಿದ್ದೀನಿ.

ನಾನು ಆರು ವರ್ಷ ಚಿಕ್ಕಮ್ಮನ ಮನೆಯಲ್ಲಿ ಬೆಳೆದೆ. ಅವರು ಕೆಟ್ಟವರಲ್ಲ, ಒಂದು ದಿನ ಕೈ ಎತ್ತಿದವರಲ್ಲ. ಆದರೆ ಬೇರೆಯವರ ಮನೆಯಲ್ಲಿ ಬೆಳೆಯುವ ಮಗುವಿಗೆ ಕೆಲವು ವಿದ್ಯೆ ತಾನಾಗೇ ಬರುತ್ತೆ. ಎರಡನೇ ಸಲ ಬಡಿಸೋಕೆ ಬಂದರೆ 'ಸಾಕು' ಅನ್ನೋದು. ಯಾವ ಬಾಗಿಲು ಕಿರುಗುಟ್ಟುತ್ತೆ ಅಂತ ಗೊತ್ತಿರೋದು. ನೆಂಟರು ಬಂದರೆ ನನ್ನ ಹಾಸಿಗೆ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಹೇಳೋ ಮುಂಚೆ ಸುತ್ತಿ ಇಡೋದು. ಅಮ್ಮ ಫೋನ್ ಮಾಡಿದರೆ 'ಆರಾಮಾಗಿದ್ದೀನಿ'. ಆ 'ಆರಾಮಾಗಿದ್ದೀನಿ' ಸುಳ್ಳಲ್ಲ, ಕೇಳಿದವರಿಗೆ ಅದೇ ಬೇಕಾಗಿತ್ತು. ನಾನು ಬಂದರಿನಲ್ಲಿ ಮಲಗಿದ ದೋಣಿ ಅಂದುಕೊಳ್ಳಿ ಅಂತ ಲೂಸಿ ಹೇಳೋದು ಅದನ್ನೇ. ನನಗೆ ಅದರಲ್ಲಿ ಒಗಟು ಕಾಣಲಿಲ್ಲ. ಓದಿದ ತಕ್ಷಣ ಗೊತ್ತಾಯ್ತು.

ಸಂಶಯಪಿಶಾಚಿಗೆ ಒಂದು ಮಾತು. ಪಾಲಿ ಮನೆ ಬಿಟ್ಟು ಹೋಗೋ ಹಿಂದಿನ ರಾತ್ರಿ ಏನಾಗುತ್ತೆ ನೋಡಿ. ಮಗುವಿಗೆ ನಿದ್ದೆ ಇಲ್ಲ. ನನ್ನ ಹತ್ತಿರ ಬಾ ಅಂತ ಲೂಸಿ ಕರೀತಾಳೆ. ಬರಲಿ ಅಂತ ಆಸೆ, ಬರ್ತಾಳೆ ಅನ್ನೋ ನಂಬಿಕೆ ಇಲ್ಲ. ಮಗು ಪುಟ್ಟ ದೆವ್ವದ ಹಾಗೆ ಕಾರ್ಪೆಟ್ ಮೇಲೆ ನಡೆದು ಬರುತ್ತೆ. ಮೈ ತಣ್ಣಗಿರುತ್ತೆ, ಲೂಸಿ ತಬ್ಬಿಕೊಂಡು ಬೆಚ್ಚಗೆ ಮಾಡ್ತಾಳೆ. ಲೂಸಿಯನ್ನು ಹಾಗೆ ಬೆಚ್ಚಗೆ ಮಾಡಿದವರನ್ನು ಇಡೀ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ.

ನೀಲಿಶಾಯಿ:

ರಾತ್ರಿಪಾಳಿ ಅವರೇ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲಾಗಲಿಲ್ಲ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಇನ್ನರ್ಧ ಪ್ರೀತಿಯ ಕಡೆ ಇದೆ ಅಂತ ನನ್ನ ಅನುಮಾನ. ಹೀಗೆ ಬೆಳೆದವಳು ಪ್ರೀತಿ ಬಂದಾಗ ಏನು ಮಾಡುತ್ತಾಳೆ? ಬಚ್ಚಿಡುತ್ತಾಳೆ. ಗ್ರಹಾಂ ಡಾಕ್ಟರ್ ಜಾನ್ ಆಗಿ ಆ ಶಾಲೆಗೆ ಬಂದು ಹೋಗಿ ಮಾಡುತ್ತಿರುತ್ತಾನೆ. ತನ್ನ ಗಾಡ್‌ಮದರ್ ಮಗ ಇವನೇ ಅಂತ ಲೂಸಿಗೆ ಯಾವಾಗಲೋ ಗೊತ್ತಾಗಿರುತ್ತೆ. ಅವನಿಗೆ ಹೇಳಲ್ಲ. ನಮಗೂ ಹೇಳಲ್ಲ! ಎಷ್ಟೋ ಅಧ್ಯಾಯ ಆದಮೇಲೆ, ಹಾಂ, ನನಗೆ ಆಗಲೇ ಗೊತ್ತಿತ್ತು ಅಂತಾಳೆ. ಮೊದಲ ಓದಿನಲ್ಲಿ ನಾನು ಪುಸ್ತಕ ಮುಚ್ಚಿ ಗೋಡೆ ನೋಡಿದ್ದೆ. ಇಡೀ ಕಥೆ ನಾನು ನಂಬಿಕೊಂಡು ಬಂದ ಹೆಂಗಸು ನನ್ನಿಂದಲೇ ಮುಚ್ಚಿಟ್ಟಿದ್ದಾಳೆ.

ಮೂರನೇಬೆಂಚು:

ನೋಡಿ, ಇದಕ್ಕೇ ನಾನು ಬಿಟ್ಟಿದ್ದು. ಅಲ್ಲ, ಡಾಕ್ಟರ್ ಜಾನೇ ಗ್ರಹಾಂ ಅಂತ ನನಗೆ ಈಗ ಗೊತ್ತಾಗ್ತಿದೆ. ಬಿಟ್ಟ ಜಾಗದಿಂದ ಮುಂದೆ ಹೇಳಬೇಡಿ ಅಂತ ಹೇಳೋಕೆ ಬಂದೆ, ತಡವಾಯ್ತು.

ತುದಿಬೆರಳು:

ಮೂರನೇಬೆಂಚು, ಎಚ್ಚರಿಕೆ ಮೊದಲ ಪ್ಯಾರಾದಲ್ಲೇ ಇತ್ತು ಗುರು. ಜಾಗ ಖಾಲಿ ಮಾಡಿ ಅಂತ ಇನ್ನೆಷ್ಟು ಸ್ಪಷ್ಟವಾಗಿ ಹೇಳಬೇಕು.

ಗ್ರಹಾಂ ಬಗ್ಗೆ ನನ್ನ ಸಿಟ್ಟು ಹೇಳಿಬಿಡ್ತೀನಿ. ಒಳ್ಳೆಯವನು, ಚಂದದವನು, ಬೀದಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದವಳನ್ನು ಮನೆಗೆ ಸಾಗಿಸಿ ಔಷಧಿ ಕೊಟ್ಟ. ಎಲ್ಲಾ ಸರಿ. ಆದರೆ ಅವನ ಕಣ್ಣಿಗೆ ಲೂಸಿ ಯಾರಿಗೂ ತೊಂದರೆ ಕೊಡದ ನೆರಳು! ಹೊಗಳಿಕೆ ಅಂದುಕೊಂಡೇ ಅವಳೆದುರಿಗೆ ಆ ಮಾತು ಆಡ್ತಾನೆ. ಕೆಟ್ಟವನಾಗಿದ್ದರೆ ಮರೆತುಬಿಡಬಹುದಿತ್ತು. ಒಳ್ಳೆಯವರ ಕಣ್ಣಿಗೇ ಬೀಳದೆ ಹೋಗೋದಿದೆಯಲ್ಲ, ಅದು ಬೇರೆ ತರಹದ ಪೆಟ್ಟು.

ಅವನು ಬರೆದದ್ದು ಐದೇ ಕಾಗದ. ಮೊದಲನೆಯದು ಬಂದಾಗ ಅದನ್ನು ತಕ್ಷಣ ಒಡೆಯಲ್ಲ ಇವಳು. ಇಟ್ಟುಕೊಳ್ತಾಳೆ, ಮೊಹರು ನೋಡ್ತಾಳೆ, ಪಾಠ ಎಲ್ಲಾ ಮುಗಿದಮೇಲೆ ಚಳಿಯಲ್ಲಿ ಅಟ್ಟ ಹತ್ತಿ ಮೋಂಬತ್ತಿ ಬೆಳಕಲ್ಲಿ ಓದ್ತಾಳೆ. ಅವನಿಗೆ ಅದು ಹತ್ತು ನಿಮಿಷದ ಕೆಲಸ ಇದ್ದಿರಬೇಕು.

ಹಳೇಪುಟ:

ಆ ಕಾಗದಗಳನ್ನು ಹೂಳುವ ಭಾಗ ಬಿಟ್ಟಿರಲ್ಲ! ಪುಸ್ತಕದಲ್ಲಿ ನನಗೆ ಅತಿ ಇಷ್ಟದ ಪುಟಗಳು ಅವು.

ಪಾಲಿ ದೊಡ್ಡವಳಾಗಿ ವಾಪಸ್ ಬಂದಿದ್ದಾಳೆ. ಗ್ರಹಾಂ ಮನಸ್ಸು ಆ ಕಡೆ ಹೋಗಿದೆ. ಕಾಗದ ನಿಂತಿದೆ. ಮೇಲಾಗಿ ಶಾಲೆಯ ಒಡತಿ ಮೇಡಂ ಬೆಕ್ ಕದ್ದು ಓದಿದ್ದಾಳೆ. ಆಗ ಲೂಸಿ ಅಳುತ್ತಾ ಕೂರಲ್ಲ. ಪೇಟೆಗೆ ಹೋಗಿ ಹಳೇ ಸಾಮಾನಿನ ಅಂಗಡಿಯಲ್ಲಿ ದಪ್ಪ ಗಾಜಿನ ಬಾಟಲಿ ಕೊಳ್ಳುತ್ತಾಳೆ. ಕಾಗದಗಳನ್ನು ಸುರುಳಿ ಸುತ್ತಿ, ಎಣ್ಣೆ ಹಚ್ಚಿದ ರೇಷ್ಮೆಯಲ್ಲಿ ಕಟ್ಟಿ ಅದರೊಳಗೆ ತುರುಕುತ್ತಾಳೆ. ಅಂಗಡಿಯವನ ಕೈಯಲ್ಲೇ ಗಾಳಿಯಾಡದ ಹಾಗೆ ಬಿರಡೆ ಬಿಗಿಸಿ ಮೊಹರು ಹಾಕಿಸುತ್ತಾಳೆ. ಶಾಲೆಯ ತೋಟದಲ್ಲಿ ಒಂದು ಮುದಿ ಪೇರ್ ಮರ. ಅದರ ಬುಡದ ಪೊಟರೆಗೆ ಬಾಟಲಿ ಇಟ್ಟು, ಮೇಲೆ ಕಲ್ಲಿನ ಹಲಗೆ ಮುಚ್ಚಿ, ಗಾರೆ ಮೆತ್ತಿ, ಮಣ್ಣು ಎಳೆಯುತ್ತಾಳೆ. ಮೇಸ್ತ್ರಿ ಕೆಲಸ ಪೂರ್ತಿ!

ಸುಡಬಹುದಿತ್ತು. ಹರಿಯಬಹುದಿತ್ತು. ನೀರು ತಾಗದ ಹಾಗೆ ಕಟ್ಟಿ ಹೂತಳು. ಬೇಡ ಅಂತ ಬಿಸಾಡುವ ವಸ್ತುವನ್ನು ಯಾರಾದರೂ ಅಷ್ಟು ಜೋಪಾನ ಮಾಡುತ್ತಾರಾ?

ಇದರ ಹಿಂದೆ ಲೇಖಕಿಯದೇ ಬದುಕಿದೆ, ಗೊತ್ತಿರಬಹುದು. 1842ರಲ್ಲಿ ಅವಳು ತಂಗಿ ಎಮಿಲಿ ಜೊತೆ ಬ್ರಸೆಲ್ಸ್‌ನ ಒಂದು ಶಾಲೆಗೆ ಫ್ರೆಂಚ್ ಕಲಿಯಲು ಹೋದಳು. ಮರುವರ್ಷ ಒಬ್ಬಳೇ ವಾಪಸ್ ಹೋಗಿ ಅಲ್ಲೇ ಕಲಿಸಿದಳು. ಶಾಲೆಯ ಒಡತಿಯ ಗಂಡ ಕಾನ್‌ಸ್ಟಾಂಟಿನ್ ಹೆಗರ್ ಅವಳ ಮೇಷ್ಟ್ರು. ಮದುವೆಯಾಗಿ ಮಕ್ಕಳಿದ್ದ ಮನುಷ್ಯ. ಅವನ ಮೇಲೆ ಇವಳ ಮನಸ್ಸು. ಊರಿಗೆ ಮರಳಿದಮೇಲೆ 1844, 45ರಲ್ಲಿ ಬರೆದ ಕಾಗದಗಳಲ್ಲಿ ನಾಲ್ಕು ಉಳಿದಿವೆ. ಹರಿದು, ಮತ್ತೆ ಜೋಡಿಸಿದ ಗುರುತು ಅವುಗಳಲ್ಲಿ ಮೂರರ ಮೇಲಿದೆ. ಹರಿದವನು ಗಂಡ, ಜೋಡಿಸಿ ಇಟ್ಟವಳು ಹೆಂಡತಿ ಅಂತ ಮನೆಯವರು ಹೇಳಿಕೊಂಡು ಬಂದ ಕಥೆ. 1913ರಲ್ಲಿ ಹೆಗರ್ ಮಕ್ಕಳು ಅವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು. 'ದಿ ಟೈಮ್ಸ್' ಪತ್ರಿಕೆಯಲ್ಲಿ ಅಚ್ಚಾಗಿ ಲೋಕಕ್ಕೆಲ್ಲ ಗೊತ್ತಾಯಿತು. ಗಾಜಿನ ಬಾಟಲಿಯ ಭಾಗ್ಯ ಲೇಖಕಿಗೆ ಸಿಗಲಿಲ್ಲ.

ಆ ಚರ್ಚ್ ಪ್ರಸಂಗವೂ ನಿಜವೇ. 1843ರ ರಜೆಯಲ್ಲಿ ಖಾಲಿ ಶಾಲೆಯಲ್ಲಿ ಒಂಟಿತನ ತಡೆಯಲಾಗದೆ, ಪಾದ್ರಿಯ ಮಗಳು, ಕಟ್ಟಾ ಪ್ರಾಟೆಸ್ಟೆಂಟ್, ಕ್ಯಾಥೊಲಿಕ್ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿಕೊಂಡಳು. ಎಮಿಲಿಗೆ ಬರೆದು, ಅಪ್ಪನಿಗೆ ಹೇಳಬೇಡ ಅಂದಳು.

ಸಂಶಯಪಿಶಾಚಿ:

ಗೊತ್ತಿತ್ತು, ಹೆಗರ್ ಬಂದೇ ಬರ್ತಾನೆ ಅಂತ. ಬ್ರಾಂಟಿ ಚರ್ಚೆ ಎಲ್ಲೇ ನಡೆದರೂ ಕೊನೆಗೆ ಹೆಗರ್ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೆ.

ಲೂಸಿಯ ಒಂಟಿತನಕ್ಕೆ ಹೆಗರ್ ಯಾಕೆ ಬೇಕು? ದಿನಾಂಕ ನೋಡಿ. 1821ರಲ್ಲಿ ತಾಯಿ. 1825ರಲ್ಲಿ ಬೋರ್ಡಿಂಗ್ ಶಾಲೆಯಿಂದ ಕಾಯಿಲೆ ತಂದ ಇಬ್ಬರು ಅಕ್ಕಂದಿರು. ಅದೆಲ್ಲಾ ಬಾಲ್ಯದಲ್ಲಿ. ಆಮೇಲೆ 1848ರ ಸೆಪ್ಟೆಂಬರ್‌ನಲ್ಲಿ ತಮ್ಮ, ಡಿಸೆಂಬರ್‌ನಲ್ಲಿ ಎಮಿಲಿ, ಮರುವರ್ಷ ಮೇ ತಿಂಗಳಲ್ಲಿ ಆ್ಯನ್. ಒಂಬತ್ತು ತಿಂಗಳಲ್ಲಿ ಮೂರು ಸಾವು. ರಾತ್ರಿ ಮೂವರು ಅಕ್ಕತಂಗಿಯರು ಮೇಜು ಸುತ್ತುತ್ತಾ ಕಥೆ ಹೇಳಿಕೊಳ್ಳುತ್ತಿದ್ದ ಕೋಣೆಯಲ್ಲಿ ಒಬ್ಬಳೇ ಉಳಿದಳು. ಅದೇ ಮನೆಯಲ್ಲಿ ಕೂತು 'ವಿಲೆಟ್' ಬರೆದಳು. ಹಡಗು ಹೋಯಿತು, ಅದರಲ್ಲಿದ್ದವರೂ ಹೋದರು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಕಾರಣ ಬೇಕಾದರೆ ಅಲ್ಲಿ ಹುಡುಕಿ.

ಹಳೇಪುಟ:

ಒಪ್ಪಿದೆ. ಇದು ನಿಮ್ಮ ಸಂಶಯಕ್ಕೆ ಹೊಂದೋ ಮಾತಲ್ಲ, ಆದರೂ ಒಪ್ಪಿದೆ.

ತುದಿಬೆರಳು:

ಬದುಕು ಸಾಕು, ಪುಸ್ತಕಕ್ಕೆ ಬನ್ನಿ. ಲೂಸಿಯ ಶಾಲೆಯ ಮೇಷ್ಟ್ರು ಪಾಲ್ ಎಮಾನುಯೆಲ್ ಬಗ್ಗೆ ಯಾರೂ ಮಾತಾಡಿಲ್ಲ. ಅಸಲಿ ಪ್ರೇಮಕಥೆ ಅದು ತಾನೇ?

ಮೂರನೇಬೆಂಚು:

ಅವನಾ? ಕುಳ್ಳಗೆ, ಕಪ್ಪಗೆ, ಮಾತೆತ್ತಿದರೆ ಕಿರುಚಾಟ. ನಾನು ಓದಿದಷ್ಟರಲ್ಲೇ ಲೂಸಿಯನ್ನು ನಾಟಕದ ಪಾತ್ರ ಬಾಯಿಪಾಠ ಮಾಡು ಅಂತ ಅಟ್ಟದಲ್ಲಿ ಕೂಡಿಹಾಕಿ ಬೀಗ ಹಾಕಿಕೊಂಡು ಹೋಗ್ತಾನೆ. ಊಟಕ್ಕೂ ಬಿಡಲ್ಲ. ಅವನೇ ನಾಯಕನಾ? ನಾನು ಖಳನಾಯಕ ಅಂದುಕೊಂಡಿದ್ದೆ!

ತುದಿಬೆರಳು:

ಬೀಗ ಹಾಕಿದ್ದು ತಪ್ಪೇ, ಅದನ್ನು ಸಮರ್ಥಿಸಲ್ಲ. ಅವಳ ಡೆಸ್ಕ್ ಮುಚ್ಚಳ ತೆಗೆದು ಹುಡುಕಾಡೋದು, ಪಕ್ಕದ ಕಟ್ಟಡದಲ್ಲಿ ಕೋಣೆ ಹಿಡಿದು ಕಿಟಕಿಯಿಂದ ತೋಟ ನೋಡೋದು, ಇದನ್ನೆಲ್ಲ ಇವತ್ತು ಯಾರಾದರೂ ಮಾಡಿದರೆ ಪೊಲೀಸ್ ಕಂಪ್ಲೇಂಟೇ.

ಆದರೆ ಆ ಡೆಸ್ಕಿನಲ್ಲಿ ಅವನು ಏನು ಬಿಟ್ಟು ಹೋಗ್ತಾನೆ ನೋಡಿ. ಅವಳು ತಪ್ಪು ಬರೆದ ಪಾಠವನ್ನು ತಿದ್ದಿ ಇಡ್ತಾನೆ. ಓದಲಿ ಅಂತ ಹೊಸ ಪುಸ್ತಕ ಇಡ್ತಾನೆ. ಬಂದವನು ಯಾರು ಅಂತ ಅವಳಿಗೆ ಗೊತ್ತಾಗೋದು ಚುರುಟಿನ ವಾಸನೆಯಿಂದ. ಮುಚ್ಚಳ ತೆಗೆದರೆ ಪುಸ್ತಕಕ್ಕೆಲ್ಲ ಹೊಗೆ ವಾಸನೆ. ಲೂಸಿಗೆ ಆ ವಾಸನೆ ಸೇರಲ್ಲ, ಕಿಟಕಿ ತೆಗೆದು ಪುಸ್ತಕ ಗಾಳಿಗೆ ಹಿಡೀತಾಳೆ.

ಗ್ರಹಾಂ ಅವಳನ್ನು ನೆರಳು ಅಂದ. ಪಾಲ್ ಅವಳ ಜೊತೆ ಜಗಳ ಆಡ್ತಾನೆ. ನಿನ್ನಲ್ಲಿ ಬೆಂಕಿ ಇದೆ, ನೀನು ಜಂಬದವಳು, ಆ ಬಟ್ಟೆಯ ಬಣ್ಣ ಜಾಸ್ತಿ ಅಂತ ಕೂಗಾಡ್ತಾನೆ. ನೆರಳಿನ ಜೊತೆ ಯಾರೂ ಜಗಳ ಆಡಲ್ಲ. ಅವಳು ಇದ್ದಾಳೆ ಅಂತ ಅವನಿಗೊಬ್ಬನಿಗೆ ಕಂಡಿತು.

ರಾತ್ರಿಪಾಳಿ:

ಇಲ್ಲಿ ನನಗೊಂದು ಭಯ ಇದೆ. ಯಾರೂ ನೋಡದೆ ಬೆಳೆದವಳಿಗೆ ಯಾರಾದರೂ ಬೈದರೂ ಸಾಕು, ಪ್ರೀತಿ ಅನಿಸಿಬಿಡುತ್ತೆ. ಅದನ್ನು ಲೂಸಿಯ ಅದೃಷ್ಟ ಅಂತ ಹೇಗೆ ಕರೆಯೋದು?

ಶಾಲೆಯಲ್ಲಿ ಅವನ ಗೌರವಕ್ಕೆ ಹಬ್ಬ ಮಾಡುವ ದಿನ ನೆನಪಿಸಿಕೊಳ್ಳಿ. ಎಲ್ಲರೂ ಹೂಗುಚ್ಛ ಕೊಡ್ತಾರೆ. ಲೂಸಿ ಕೈಯಲ್ಲಿ ಏನೂ ಇಲ್ಲ. ಅವನು ಮೂರು ಸಲ ಕೇಳ್ತಾನೆ, ಎಲ್ಲರದೂ ಆಯ್ತಾ ಅಂತ. ಇವಳು ಸುಮ್ಮನೆ ಕೂತಿರ್ತಾಳೆ. ಅವಳ ಹತ್ತಿರ ಅವನಿಗೆ ಅಂತಲೇ ಕೈಯಾರೆ ಹೆಣೆದ ಗಡಿಯಾರದ ಸರ ಇರುತ್ತೆ, ಪುಟ್ಟ ಪೆಟ್ಟಿಗೆಯಲ್ಲಿ ಹಾಕಿ, ಮುಚ್ಚಳದ ಒಳಗೆ ಅವನ ಹೆಸರಿನ ಅಕ್ಷರ ಕೆತ್ತಿ. ಆದರೂ ಎದ್ದು ಕೊಡಲ್ಲ. ಅವನು ಸಿಟ್ಟಿನಲ್ಲಿ ಇಂಗ್ಲಿಷ್ ಹೆಂಗಸರ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡಿದಮೇಲೂ ಕೊಡಲ್ಲ.

ಜನ ಇದನ್ನು ತಮಾಷೆ ಪ್ರಸಂಗ ಅಂತ ಓದ್ತಾರೆ. ನಾನು ಚಿಕ್ಕಮ್ಮನಿಗೆ ಅಂತ ಒಂದು ಸಲ ಕಾಗದದ ಹೂ ಮಾಡಿದ್ದೆ. ಅವರ ಮಕ್ಕಳು ಅಂಗಡಿಯಿಂದ ತಂದದ್ದನ್ನು ಕೊಟ್ಟರು. ನಂದು ಚೀಲದಲ್ಲೇ ಉಳಿಯಿತು. ಕೊಡಬಾರದು ಅಂತಲ್ಲ. ಕೈ ಮುಂದೆ ಹೋಗಲ್ಲ, ಅಷ್ಟೇ.

ನೀಲಿಶಾಯಿ:

ಆದರೆ ಲೂಸಿ ಅದೇ ದಿನ ಸಂಜೆ ಕೊಡುತ್ತಾಳೆ, ಅಲ್ವಾ? ಅವನು ಮತ್ತೆ ಡೆಸ್ಕ್ ಹತ್ತಿರ ಸಿಕ್ಕಿಬಿದ್ದಾಗ. ಅವಳ ಬದುಕಿನಲ್ಲಿ ಬಚ್ಚಿಟ್ಟದ್ದು ಒಂದು ಹೊರಗೆ ಬಂದದ್ದು ಅದೇ ಮೊದಲು ಅನಿಸುತ್ತೆ. ಮುಂದೆ ಮೇಡಂ ಬೆಕ್ ಅವರಿಬ್ಬರ ಮಧ್ಯೆ ಬಂದು ನಿಂತಾಗ, ನನ್ನ ಎದೆ ಒಡೆಯುತ್ತೆ ಅಂತ ಲೂಸಿ ಬಾಯಿಬಿಟ್ಟು ಕೂಗುತ್ತಾಳೆ. ನಾನು ಶಾಂತವಾಗಿದ್ದೆ ಅಂತ ಸಹಿ ಹಾಕಿದ್ದ ಹುಡುಗಿ!

ಅದಕ್ಕೇ ಆ ಪುಟ್ಟ ಮನೆಯ ಅಧ್ಯಾಯ ನನ್ನ ಕೈಲಿ ಓದೋಕಾಗಲ್ಲ. ಪಾಲ್ ಮೂರು ವರ್ಷಕ್ಕೆ ಗ್ವಾಡೆಲೂಪ್ ದ್ವೀಪಕ್ಕೆ ಹೋಗಬೇಕು. ಹೊರಡುವ ಮುಂಚೆ ಅವಳಿಗೆ ಒಂದು ಮನೆ ತೋರಿಸುತ್ತಾನೆ. ಒಂದು ಪುಟ್ಟ ಹಜಾರ, ಒಂದು ಅಡುಗೆಮನೆ, ಬೆಂಚು ಹಾಕಿದ ಒಂದು ತರಗತಿ. ಅಲ್ಲಿ ಅಚ್ಚು ಹಾಕಿಸಿದ ಚೀಟಿಗಳ ಮೇಲೆ ಶಾಲೆಯ ಮುಖ್ಯಸ್ಥೆ ಅಂತ ಲೂಸಿ ಸ್ನೋ ಹೆಸರು. ಬಾಲ್ಕನಿಯಲ್ಲಿ ಕೂತು ಇಬ್ಬರೂ ಚಾಕೊಲೇಟ್ ಕುಡಿಯುತ್ತಾರೆ, ತಟ್ಟೆಯಲ್ಲಿ ಹಸಿರೆಲೆ ಹಾಸಿ ಇಟ್ಟ ಚೆರ್ರಿ, ಸ್ಟ್ರಾಬೆರಿ. ಬೇರೆಯವರ ಕೋಣೆಯಲ್ಲಿ, ಬೇರೆಯವರ ಮಂಚದ ಪಕ್ಕ ಮಲಗಿ ಬೆಳೆದವಳಿಗೆ ಅವನು ಉಂಗುರ ಕೊಡಲಿಲ್ಲ, ಬಾಗಿಲು ಬೀಗದ ಕೈ ಇರುವ ಜಾಗ ಕೊಟ್ಟ.

ಸಂಶಯಪಿಶಾಚಿ:

ಸರಿ, ಈಗ ಎಲ್ಲರೂ ತಪ್ಪಿಸಿಕೊಳ್ತಿರೋ ಪ್ರಶ್ನೆ. ಪಾಲ್ ಸತ್ತನೋ ಇಲ್ಲವೋ? ಏಳು ದಿನ ಬಿರುಗಾಳಿ, ಅಟ್ಲಾಂಟಿಕ್ ತುಂಬ ಒಡೆದ ಹಡಗು. ಆಮೇಲೆ ಲೂಸಿ ಏನಂತಾಳೆ? ಇಲ್ಲಿಗೆ ನಿಲ್ಲಿಸ್ತೀನಿ, ಖುಷಿಯಾಗಿ ಕಲ್ಪಿಸಿಕೊಳ್ಳೋರು ಅವರು ಮದುವೆಯಾಗಿ ಸುಖವಾಗಿದ್ದರು ಅಂದುಕೊಳ್ಳಲಿ. ಇದು ಮೋಸ. ಓದುಗನಿಗೆ ಕೊಡಬೇಕಾದ್ದನ್ನು ಕೊಡದೆ ಕೈ ತೊಳೆದುಕೊಂಡದ್ದು.

ಹಳೇಪುಟ:

ಅದಕ್ಕೆ ಅಪ್ಪನ ಕಾರಣ ಇದೆ. ಲೇಖಕಿಯ ತಂದೆಗೆ ದುಃಖದ ಕೊನೆ ಸೇರುತ್ತಿರಲಿಲ್ಲ, ಸುಖವಾಗಿದ್ದರು ಅಂತ ಮುಗಿಸು ಅಂದರಂತೆ. ಅವಳ ಮನಸ್ಸಲ್ಲಿ ಪಾಲ್ ಮುಳುಗಿ ಸತ್ತಿದ್ದ, ಬದಲಾಯಿಸಲು ಆಗಲಿಲ್ಲ. ಅದಕ್ಕೆ ಮಾತಿಗೊಂದು ಮುಸುಕು ಹಾಕಿದಳು. ಅವಳ ಜೀವನಚರಿತ್ರೆ ಬರೆದ ಎಲಿಜಬೆತ್ ಗ್ಯಾಸ್ಕೆಲ್ ಹೇಳಿರುವ ವಿಷಯ ಇದು. ಆದ್ದರಿಂದ ಸತ್ತ. ಅನುಮಾನ ಬೇಡ.

ನೀಲಿಶಾಯಿ:

ಒಂದು ನಿಮಿಷ. ಸಂಶಯಪಿಶಾಚಿ ಬರೆದ ಸಾಲನ್ನೂ ನಾನು ಮೊದಲ ಪೋಸ್ಟಿನಲ್ಲಿ ಬರೆದ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನಾಲ್ಕನೇ ಅಧ್ಯಾಯ: ನಾನು ಸುಖವಾಗಿದ್ದೆ ಅಂತ ಬೇಕಾದರೆ ಅಂದುಕೊಳ್ಳಿ. ಆಮೇಲೆ ಹಡಗು, ಬಿರುಗಾಳಿ, ಸಾವು.

ಕೊನೆಯ ಪುಟ: ಬಿರುಗಾಳಿ, ಹಡಗು, ಸಾವು. ಆಮೇಲೆ, ನಾವು ಸುಖವಾಗಿದ್ದೆವು ಅಂತ ಬೇಕಾದರೆ ಅಂದುಕೊಳ್ಳಿ.

ಅದೇ ಮಾತು, ತಿರುಗುಮುರುಗಾಗಿ! ಮೊದಲನೆಯದು ಬರೀ ಉಪಮೆ ಅಂದುಕೊಂಡಿದ್ದೆ. ಅಪ್ಪನಿಗಾಗಿ ಮುಸುಕು ಹಾಕಿದ್ದೇ ಇರಬಹುದು. ಆದರೆ ಆ ಮುಸುಕು ಲೂಸಿ ಹತ್ತಿರ ಮೊದಲೇ ಇತ್ತು. ಮನೆಯವರೆಲ್ಲ ಹೋದಾಗ ಹೇಗೆ ಹೇಳಿದಳೋ, ಪಾಲ್ ಹೋದಾಗಲೂ ಹಾಗೇ ಹೇಳಿದಳು. ಅವಳಿಗೆ ದುಃಖ ಹೇಳೋಕೆ ಬರೋದು ಇದೊಂದೇ ರೀತಿ.

ರಾತ್ರಿಪಾಳಿ:

'ಆರಾಮಾಗಿದ್ದೀನಿ.'

ಸಂಶಯಪಿಶಾಚಿ:

ನೀಲಿಶಾಯಿ, ಇದನ್ನು ನಾನು ಗಮನಿಸಿರಲಿಲ್ಲ. ಮೋಸ ಅನ್ನೋ ಮಾತು ವಾಪಸ್ ತಗೊಳ್ತೀನಿ. ಪಾಲಿ ವಿಷಯದ ದೋಷ ಹಾಗೇ ಇರಲಿ, ಅದನ್ನು ಬಿಡಲ್ಲ.

ಆದರೆ ಇನ್ನೊಂದು ಮುಳ್ಳು ಇದೆ. ಪಾಲ್ ದೂರ ಇದ್ದ ಆ ಮೂರು ವರ್ಷ ನನ್ನ ಬದುಕಿನ ಅತಿ ಸುಖದ ಕಾಲ ಅಂತಾಳೆ ಲೂಸಿ. ಶಾಲೆ ನಡೀತಿದೆ, ಮಕ್ಕಳು ಹೆಚ್ಚಾಗ್ತಿದ್ದಾರೆ, ಇಂಗ್ಲೆಂಡಿನಲ್ಲಿದ್ದಾಗಿನ ಹಳೇ ಯಜಮಾನಿಯ ಕಡೆಯಿಂದ ನೂರು ಪೌಂಡ್ ಬಂತು, ಪಕ್ಕದ ಮನೆಯನ್ನೂ ಬಾಡಿಗೆಗೆ ಹಿಡಿದಳು. ಪ್ರತಿ ಹಡಗಿಗೂ ಅವನ ಕಾಗದ. ಅವನು ಎದುರಿಗೆ ಇದ್ದಿದ್ದರೆ ಅಷ್ಟು ಸುಖವಾಗಿರುತ್ತಿದ್ದಳಾ? ನನಗೆ ನಂಬಿಕೆ ಇಲ್ಲ. ಎದುರಿಗಿದ್ದರೆ ದಿನಾ ಜಗಳ.

ತುದಿಬೆರಳು:

ದಿನಾ ಜಗಳ ಆಡೋಕೆ ಒಬ್ಬರು ಇರಲಿ ಅಂತಲೇ ಅವಳು ಕಾದಿದ್ದು ಸ್ವಾಮಿ. ಅವನಿಗಾಗಿ ಪುಸ್ತಕ ಜೋಡಿಸಿ, ಗಿಡ ಬೆಳೆಸಿ ಇಟ್ಟಿರ್ತಾಳೆ, ಬಂದಾಗ ನೋಡಿ ನಗಲಿ ಅಂತ. ಆ ಗಿಡಗಳನ್ನು ನೆನೆದರೆ ನಿಮ್ಮ ಮುಳ್ಳು ತಾನಾಗೇ ಉದುರುತ್ತೆ.

ಕೊನೆಯ ಸಾಲು ಯಾರ ಬಗ್ಗೆ ಅಂತ ಯಾರಾದರೂ ನೋಡಿದ್ದೀರಾ? ಲೂಸಿ ಬಗ್ಗೆ ಅಲ್ಲ, ಪಾಲ್ ಬಗ್ಗೆಯೂ ಅಲ್ಲ. ಮೇಡಂ ಬೆಕ್ ಕೊನೆವರೆಗೂ ಚೆನ್ನಾಗಿ ಬಾಳಿದಳು. ಪಾದ್ರಿ ಸೀಲಸ್ ಕೂಡ. ಮುದುಕಿ ವಾಲ್ರವೆನ್ಸ್ ತೊಂಬತ್ತು ತುಂಬಿಸಿಕೊಂಡು ಹೋದಳು. ಅವರಿಬ್ಬರನ್ನೂ ಬೇರೆ ಮಾಡಿ ಅವನನ್ನು ಹಡಗು ಹತ್ತಿಸಿದ ಮೂವರೂ ಇವರೇ! ಒಂದು ಬೈಗುಳ ಇಲ್ಲ, ಶಾಪ ಇಲ್ಲ. ಚೆನ್ನಾಗಿದ್ದರು, ನಮಸ್ಕಾರ, ಮುಗೀತು. ನಾನಾಗಿದ್ದರೆ ಆ ಮುದುಕಿಗೆ ಕನಿಷ್ಠ ಸಂಧಿವಾತವಾದರೂ ಕೊಡುತ್ತಿದ್ದೆ.

ನೀಲಿಶಾಯಿ:

ಹಹ್ಹಾ, ಸಂಧಿವಾತ!

ಹಳೇಪುಟ ಅವರೇ, ಒಂದು ಪ್ರಶ್ನೆ ಉಳಿಯಿತು. ಆ ಬಾಟಲಿ ಏನಾಯಿತು? ಅವಳು ಅಲ್ಲಿಂದ ಹೊರಟಾಗ ತೆಗೆದಳಾ?

ಹಳೇಪುಟ:

ಇಲ್ಲ. ತೆಗೆದಳು ಅಂತ ಎಲ್ಲೂ ಬರಲ್ಲ. ಈಗಲೂ ಮರದ ಬುಡದಲ್ಲೇ ಇರಬೇಕು.

ಮೂರನೇಬೆಂಚು:

ಎಲ್ಲಾ ಹೇಳಿಬಿಟ್ಟಿರಲ್ಲ, ಪುಣ್ಯಾತ್ಮರೇ. ಸತ್ತಿದ್ದೂ ಗೊತ್ತಾಯ್ತು, ಹೂತಿದ್ದೂ ಗೊತ್ತಾಯ್ತು.

ಆದರೂ ನಿನ್ನೆ ರಾತ್ರಿ ಬಿಟ್ಟ ಜಾಗದಿಂದ ಮತ್ತೆ ಹಿಡಿದೆ. ಬೀದಿಯಲ್ಲಿ ಬಿದ್ದವಳು ಯಾರದೋ ಮನೆಯಲ್ಲಿ ಕಣ್ಣು ಬಿಡ್ತಾಳೆ. ಊರು ಬೇರೆ, ದೇಶ ಬೇರೆ. ಸುತ್ತ ಇರೋ ಕುರ್ಚಿ, ಮೇಜು, ಗೋಡೆಯ ಚಿತ್ರ ಎಲ್ಲಾ ಬಾಲ್ಯದ ಬ್ರೆಟನ್ ಮನೆಯದೇ. ದೆವ್ವದ ಮನೆ ಅಂತ ಹೆದರಿಕೊಳ್ತಾಳೆ. ಆಮೇಲೆ ಅಲ್ಲೊಂದು ಸೂಜಿಮೆತ್ತೆ ಕಾಣುತ್ತೆ. ಕೆಂಪು ಸ್ಯಾಟಿನ್ನು, ಸುತ್ತ ಲೇಸು, ಚಿನ್ನದ ಬಣ್ಣದ ಮಣಿಯಲ್ಲಿ ಗಾಡ್‌ಮದರ್ ಹೆಸರಿನ ಅಕ್ಷರ. ಚಿಕ್ಕವಳಿದ್ದಾಗ ಅವಳೇ ಮಾಡಿಕೊಟ್ಟದ್ದು. ಹತ್ತು ವರ್ಷ ಆದರೂ ಅವರು ಇಟ್ಟುಕೊಂಡಿದ್ದಾರೆ.

ರಾತ್ರಿಪಾಳಿ ಅವರೇ, ನಿಮ್ಮ ಕಾಗದದ ಹೂ ನೆನಪಾಯ್ತು. ಇಲ್ಲಿಗೆ ಬಂದಿದ್ದೀನಿ. ಇನ್ನು ಮುಂದೆ ಯಾರೂ ಏನೂ ಹೇಳಬೇಡಿ, ಓದಿ ಬರ್ತೀನಿ.